ಉಪ್ಪಿನ ಲೆಕ್ಕ ಇಡುವವರು ಯಾರು?

2025ರ ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತನೆ ತೀರಿಕೊಂಡ ಸುದ್ದಿ ಒಂದರ ಹಿಂದೊಂದು ಬಂದಾಗ ಜನ ಬೆಚ್ಚಿಬಿದ್ದರು. ಸತ್ತವರಲ್ಲಿ ಸಣ್ಣ ವಯಸ್ಸಿನವರೂ ಇದ್ದರು. ಜಿಲ್ಲೆಯ ಆಸ್ಪತ್ರೆಗಳಿರಲಿ, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆಯೂ ಉದ್ದನೆಯ ಸಾಲು. ಎಲ್ಲರಿಗೂ ಬೇಕಾದದ್ದು ಒಂದೇ, ಇ.ಸಿ.ಜಿ. ಕೊನೆಗೆ ಸರ್ಕಾರ ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. ಹೃದಯಾಘಾತಗಳು ಅಸಹಜವಾಗಿ ಏರಿಲ್ಲ ಎಂದು ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಹಾಗೆಂದು ನಿಶ್ಚಿಂತೆಯಿಂದ ಇರಿ ಎಂದೇನೂ ಅದು ಹೇಳಲಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕುಡಿತ ಎಂಬ ಹಳೆಯ ಶತ್ರುಗಳು ಇದ್ದಲ್ಲೇ ಇದ್ದಾರೆ.

ಭಯ ಇಳಿಯಿತು, ಸಾಲೂ ಕರಗಿತು. ಆದರೆ ಆ ಗಲಾಟೆಯಲ್ಲಿ ಯಾರೂ ಕೇಳದೆ ಹೋದ ಒಂದು ಪ್ರಶ್ನೆ ಇದೆ. ಗುಂಡಿಗೆಯನ್ನು ವರ್ಷಗಟ್ಟಲೆ ದಣಿಸುವ ಈ ರಕ್ತದೊತ್ತಡ ಎಷ್ಟಿರಬೇಕೆಂದು ತೀರ್ಮಾನಿಸುವವರು ಯಾರು? ಗುಂಡಿಗೆಯೇ ಎಂದು ನೀವು ಹೇಳಬಹುದು. ಗುಂಡಿಗೆ ರಕ್ತವನ್ನು ತಳ್ಳುತ್ತದೆ, ನಿಜ. ಆದರೆ ಒತ್ತಡ ದಿನದಿಂದ ದಿನಕ್ಕೆ, ವರ್ಷದಿಂದ ವರ್ಷಕ್ಕೆ ಯಾವ ಮಟ್ಟದಲ್ಲಿ ನಿಲ್ಲಬೇಕೆಂಬ ವಿಷಯದಲ್ಲಿ ದೊಡ್ಡ ಮಾತು ಬೆನ್ನಿನ ಕಡೆ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ ಕುಳಿತ ಎರಡು ಮೂತ್ರಪಿಂಡಗಳದು. ಇ.ಸಿ.ಜಿ. ಕಾಗದದಲ್ಲಿ ಅವುಗಳ ಸಮಾಚಾರ ಸಿಗುವುದಿಲ್ಲ.

ಒಳಹರಿವು, ಹೊರಹರಿವು

ಹಾಸನ ಸೀಮೆಯವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2922 ಅಡಿ. ಮಳೆಗಾಲದಲ್ಲಿ ಅರಕಲಗೂಡು, ಹೊಳೆನರಸೀಪುರದ ರೈತರು ಪತ್ರಿಕೆ ಬಿಡಿಸಿದೊಡನೆ ನೋಡುವುದು ಮೂರು ಅಂಕಿಗಳನ್ನು: ಇಂದಿನ ಮಟ್ಟ, ಒಳಹರಿವು, ಹೊರಹರಿವು. ಮಲೆನಾಡಿನಲ್ಲಿ ಮಳೆ ಎಷ್ಟು ಬೀಳಬೇಕೆಂಬುದು ಗೇಟು ಕಾಯುವವರ ಕೈಯಲ್ಲಿಲ್ಲ. ಅವರ ಕೈಯಲ್ಲಿರುವುದು ಹೊರಹರಿವು ಮಾತ್ರ. ಒಳಹರಿವು ಹೆಚ್ಚಿದರೆ ಗೇಟು ಎತ್ತುತ್ತಾರೆ, ತಗ್ಗಿದರೆ ಇಳಿಸುತ್ತಾರೆ. ಮಟ್ಟ ಹದದಲ್ಲಿ ಉಳಿಯುತ್ತದೆ.

ಮೈಯೊಳಗೂ ಇಂಥದೇ ವ್ಯವಸ್ಥೆ. ಒಳಹರಿವು ನಾವು ತಿನ್ನುವ ಉಪ್ಪು, ಕುಡಿಯುವ ನೀರು. ಗೇಟು ಕಾಯುವುದು ಮೂತ್ರಪಿಂಡ. ಉಪ್ಪಿಗೂ ನೀರಿಗೂ ಬಿಡಿಸಲಾರದ ನಂಟು. ಲೀಟರ್ ನೀರಿಗೆ ಸುಮಾರು 9 ಗ್ರಾಂ ಉಪ್ಪು ಎಂಬುದು ನಮ್ಮ ರಕ್ತದ ಹದ. ಆಸ್ಪತ್ರೆಯಲ್ಲಿ ಹಾಕುವ ಸಲೈನ್ ಬಾಟಲಿಯದೂ ಅದೇ ಹದ. ಹೀಗಾಗಿ 9 ಗ್ರಾಂ ಉಪ್ಪು ಹೊರಹೋಗದೆ ಮೈಯಲ್ಲೇ ಉಳಿಯಿತೆಂದರೆ ಅದು ಸುಮಾರು ಒಂದು ಲೀಟರ್ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ನಾವು ಮಾಡಿದ್ದುಣ್ಣುವವರಿಗೆ ಹೇಳುತ್ತೇವೆ. ಶರೀರಶಾಸ್ತ್ರದ ದೃಷ್ಟಿಯಿಂದ ಅದು ಅಕ್ಷರಶಃ ಸತ್ಯ. ಹಾಗೆ ಉಳಿದ ನೀರಿನಲ್ಲಿ ಒಂದು ಪಾಲು ರಕ್ತನಾಳಗಳನ್ನು ತುಂಬುತ್ತದೆ, ಒತ್ತಡ ಏರುತ್ತದೆ.

ದಿನಕ್ಕೆ ಒಂದೂವರೆ ಕಿಲೋ ಉಪ್ಪು

ಒಂದೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಸೋಸುಕಗಳಿವೆ. ಗುಂಡಿಗೆ ತಳ್ಳುವ ರಕ್ತದಲ್ಲಿ ಐದನೇ ಒಂದು ಭಾಗ, ಅಂದರೆ ನಿಮಿಷಕ್ಕೆ ಒಂದು ಲೀಟರಿಗೂ ಮಿಗಿಲು, ಈ ಎರಡು ಪುಟ್ಟ ಅಂಗಗಳಿಗೇ ಬರುತ್ತದೆ. ಅವು ದಿನಕ್ಕೆ ಸೋಸಿ ತೆಗೆಯುವ ದ್ರವ ಸುಮಾರು 180 ಲೀಟರ್. ಅದರಲ್ಲಿರುವ ಉಪ್ಪು ಹೆಚ್ಚುಕಡಿಮೆ ಒಂದೂವರೆ ಕಿಲೋ! ಅಷ್ಟನ್ನೂ ಹೊರಹಾಕಿದರೆ ನಾವು ಒಂದು ಗಂಟೆಯೂ ಬಾಳಲಾರೆವು. ಆದ್ದರಿಂದ ಸೋಸುಕದ ಮುಂದಿನ ಸಣ್ಣ ನಾಳದಲ್ಲಿ ಸಾಗುವಾಗ ಶೇಕಡ 99ಕ್ಕೂ ಹೆಚ್ಚು ಉಪ್ಪನ್ನು ರಕ್ತಕ್ಕೆ ಮರಳಿಸಲಾಗುತ್ತದೆ. ಮೊದಲ ತಿರುವಿನಲ್ಲೇ ಮೂರನೇ ಎರಡು ಪಾಲು, ಮುಂದಿನ ಕುಣಿಕೆಯಲ್ಲಿ ಕಾಲು ಪಾಲು ವಾಪಸಾಗುತ್ತದೆ. ನಾಳದ ಕೊನೆಯಲ್ಲಿ ಉಳಿಯುವ ಅಷ್ಟಿಷ್ಟರಲ್ಲಿ ನಿಜವಾದ ಲೆಕ್ಕಾಚಾರ ನಡೆಯುತ್ತದೆ. ನಿನ್ನೆ ಮದುವೆ ಮನೆಯಲ್ಲಿ ಹಪ್ಪಳ, ಉಪ್ಪಿನಕಾಯಿ ಜಾಸ್ತಿಯಾಯಿತೆ? ಇಷ್ಟು ಹೆಚ್ಚು ಹೊರಕ್ಕೆ. ವಾಂತಿ ಭೇದಿಯಾಗಿ ಉಪ್ಪು ಸೋರಿಹೋಯಿತೆ? ಒಂದು ಹರಳೂ ಹೊರಹೋಗದಂತೆ ಬಿಗಿ.

ಒತ್ತಡ ತಗ್ಗಿದರೆ

ಒತ್ತಡ ತಗ್ಗಿದ್ದು ಮೂತ್ರಪಿಂಡಕ್ಕೆ ಹೇಗೆ ತಿಳಿಯುತ್ತದೆ? ಸೋಸುಕಕ್ಕೆ ರಕ್ತ ತರುವ ಕಿರುನಾಳದ ಗೋಡೆಯಲ್ಲಿ ಕಾವಲು ಕೋಶಗಳಿವೆ. ಗೋಡೆ ಸಡಿಲವಾದೊಡನೆ ಅವು ರೆನಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತವೆ. ರೆನಿನ್ ಪಿತ್ತಜನಕಾಂಗ ತಯಾರಿಸಿದ ಒಂದು ಪ್ರೋಟೀನನ್ನು ಕತ್ತರಿಸುತ್ತದೆ. ಆ ತುಂಡನ್ನು ಮುಖ್ಯವಾಗಿ ಶ್ವಾಸಕೋಶದಲ್ಲಿರುವ ಮತ್ತೊಂದು ಕಿಣ್ವ ಇನ್ನಷ್ಟು ಕತ್ತರಿಸುತ್ತದೆ. ಹಾಗೆ ಹುಟ್ಟುವುದು ಆಂಜಿಯೊಟೆನ್ಸಿನ್. ಅದು ರಕ್ತನಾಳಗಳನ್ನು ಬಿಗಿಸುತ್ತದೆ, ಬಾಯಾರಿಕೆ ಹುಟ್ಟಿಸುತ್ತದೆ; ಮೂತ್ರಪಿಂಡದ ತಲೆಯ ಮೇಲೆ ಟೊಪ್ಪಿಯಂತೆ ಕುಳಿತ ಗ್ರಂಥಿಯಿಂದ ಆಲ್ಡೋಸ್ಟಿರೋನ್ ಹೊರಡಿಸಿ, ಉಪ್ಪನ್ನು ಬಿಡಬೇಡಿ ಎಂದು ಮೂತ್ರಪಿಂಡಕ್ಕೇ ಆಜ್ಞೆ ಕಳುಹಿಸುತ್ತದೆ. ಒತ್ತಡ ಮೊದಲಿನ ಮಟ್ಟಕ್ಕೆ ಬಂದಾಗ ರೆನಿನ್ ನಿಲ್ಲುತ್ತದೆ.

ರೆನಿನ್ ಇದೆಯೆಂದು 1898ರಲ್ಲೇ ಸ್ಟಾಕ್‌ಹೋಮಿನಲ್ಲಿ ಟೀಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಮೊಲದ ಮೂತ್ರಪಿಂಡದ ರಸದಿಂದ ತೋರಿಸಿದ್ದರು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳವನ್ನು ಚಿಮುಟದಿಂದ ಕಿರಿದುಗೊಳಿಸಿದಾಗ ಇಡೀ ದೇಹದ ರಕ್ತದೊತ್ತಡ ಏರಿತು. ತನಗೆ ರಕ್ತ ಸಾಲದೆಂದು ಬಗೆದ ಮೂತ್ರಪಿಂಡ ಇಡೀ ದೇಹದ ಒತ್ತಡವನ್ನೇ ಏರಿಸುತ್ತದೆ ಎಂಬುದು ಆಗ ಖಚಿತವಾಯಿತು.

ನೀವು ಬೆಳಗ್ಗೆ ನುಂಗುವ ಬಿ.ಪಿ. ಮಾತ್ರೆಯ ಹೆಸರು ಓದಿ ನೋಡಿ. ಎನಾಲಾಪ್ರಿಲ್, ರಾಮಿಪ್ರಿಲ್ ಎಂದಿದ್ದರೆ ಅದು ಶ್ವಾಸಕೋಶದ ಕಿಣ್ವವನ್ನು ತಡೆಯುವ ಮಾತ್ರೆ. ಲೋಸಾರ್ಟನ್, ಟೆಲ್ಮಿಸಾರ್ಟನ್ ಎಂದಿದ್ದರೆ ಆಂಜಿಯೊಟೆನ್ಸಿನ್‌ನ ಕೆಲಸವನ್ನೇ ತಡೆಯುವಂಥದು. ಮೊದಲ ಬಗೆಯ ಮಾತ್ರೆಗೆ ದಾರಿ ತೋರಿಸಿದ್ದು ಬ್ರೆಜಿಲ್ ದೇಶದ ಜರಾರಾಕಾ ಎಂಬ ಹಾವಿನ ವಿಷ. ಆ ವಿಷದ ಜಾಡು ಹಿಡಿದು ನಡೆದ ಸಂಶೋಧನೆಯಿಂದ 1981ರಲ್ಲಿ ಕ್ಯಾಪ್ಟೊಪ್ರಿಲ್ ಮಾರುಕಟ್ಟೆಗೆ ಬಂತು.

ಗೇಟು ತುಕ್ಕು ಹಿಡಿದರೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಅಣೆಕಟ್ಟಿನ ಗೇಟು ತುಕ್ಕು ಹಿಡಿದು, ನೀರು ಮೂರಡಿ ಹೆಚ್ಚು ನಿಂತು ಒತ್ತಿದರೆ ಮಾತ್ರ ತೆರೆದುಕೊಳ್ಳುವಂತಾಯಿತು ಎನ್ನಿ. ಆಗಲೂ ಒಳಹರಿವಿನಷ್ಟೇ ಹೊರಹರಿವು ಇರುತ್ತದೆ, ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಮಟ್ಟ ಸದಾ ಮೂರಡಿ ಮೇಲೆ. ದಣಿದ ಮೂತ್ರಪಿಂಡದ ಕಥೆಯೂ ಇದೇ. ತಿಂದ ಉಪ್ಪನ್ನು ಅದು ಹೊರಹಾಕುತ್ತದೆ, ಆದರೆ 120ರ ಒತ್ತಡದಲ್ಲಿ ಅಲ್ಲ, 160ರಲ್ಲಿ. ಆ ಹೆಚ್ಚಿನ ಒತ್ತಡ ಮತ್ತೆ ಅದರದೇ ಸೋಸುಕಗಳನ್ನು ಜಜ್ಜುತ್ತದೆ. ಸೋಸುಕಗಳು ಕಡಿಮೆಯಾದಷ್ಟೂ ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ಸೋಸುಕಗಳು ಸಾಯುತ್ತವೆ. ಸಕ್ಕರೆ ಕಾಯಿಲೆಯೂ ಜೊತೆಗೂಡಿದರೆ ಕೇಳುವುದೇ ಬೇಡ. ಇಷ್ಟೆಲ್ಲ ನಡೆಯುವಾಗ ನೋವಿಲ್ಲ, ಉರಿಯಿಲ್ಲ. ಕಾಲು ಊದಿ, ಏದುಸಿರು ಬಂದು ಆಸ್ಪತ್ರೆ ಸೇರುವ ಹೊತ್ತಿಗೆ ಅನೇಕರ ಮೂತ್ರಪಿಂಡದ ಬಹುಪಾಲು ಶಕ್ತಿ ಹೋಗಿರುತ್ತದೆ. ಆಮೇಲೆ ಉಳಿಯುವುದು ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆಯ ಡಯಾಲಿಸಿಸ್. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತವಾಗಿ ಸಿಕ್ಕರೂ ಹೋಗಿಬರುವ ಬಸ್ ಚಾರ್ಜು, ಕಳೆದುಹೋದ ಕೂಲಿ, ಜೊತೆಗೆ ಬರುವವರ ದಿನ ಇವೆಲ್ಲ ಮನೆಯವರ ತಲೆಯ ಮೇಲೇ.

ನಮ್ಮ ಊಟದಲ್ಲಿ

ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಟೀ ಚಮಚೆ. ಭಾರತೀಯರು ಸರಾಸರಿ 8 ಗ್ರಾಂ ತಿನ್ನುತ್ತೇವೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ತಿಳಿಸಿತು. ಎಲ್ಲಿಂದ ಬರುತ್ತದೆ ಇಷ್ಟು? ಮುದ್ದೆಯಲ್ಲಿ ಉಪ್ಪಿಲ್ಲದಿದ್ದರೇನಂತೆ, ಉಪ್ಸಾರಿನಲ್ಲಿದೆ, ಅದಕ್ಕೆ ಕಲಸುವ ಖಾರದಲ್ಲಿದೆ. ಉಪ್ಪಿನಕಾಯಿ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಬೇಕರಿಯ ಖಾರಾ ಬನ್ನು, ಮಿಕ್ಸ್ಚರು, ಇವುಗಳಲ್ಲೆಲ್ಲ ಇದೆ. ಕಲ್ಲುಪ್ಪು, ಸೈಂಧವ ಲವಣ ಒಳ್ಳೆಯದು ಎಂಬ ಮಾತಿಗೆ ಮರುಳಾಗಬೇಡಿ, ಅದೂ ಸೋಡಿಯಮ್ಮೇ. ಇಡೀ ಮನೆಯ ಸಾರಿಗೆ ಹಾಕುವ ಉಪ್ಪನ್ನು ವಾರ ವಾರ ಸ್ವಲ್ಪಸ್ವಲ್ಪವೇ ಇಳಿಸಿ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಕಾಯಿಲೆಯವರೊಬ್ಬರಿಗೇ ಸಪ್ಪೆ ಊಟ ಬಡಿಸಿ ಉಳಿದವರು ಉಪ್ಪಿನಕಾಯಿ ಚಪ್ಪರಿಸಿದರೆ ಪಥ್ಯ ನಾಲ್ಕು ದಿನವೂ ನಿಲ್ಲದು.

ಉಪ್ಪಿನ ಎದುರಾಳಿ ಪೊಟ್ಯಾಸಿಯಂ. ಸೊಪ್ಪು, ಕಾಳು, ಹಣ್ಣು, ಎಳನೀರಿನಲ್ಲಿ ಅದು ಹೇರಳ. ಮೂತ್ರಪಿಂಡ ಚೆನ್ನಾಗಿದ್ದರೆ ಅದು ಉಪ್ಪನ್ನು ಹೊರಹಾಕಲು ನೆರವಾಗುತ್ತದೆ. ಚೀನಾದ 600 ಹಳ್ಳಿಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಉಪ್ಪಿನ ಕಾಲು ಭಾಗದ ಬದಲು ಪೊಟ್ಯಾಸಿಯಂ ಲವಣ ಬಳಸಿದವರಲ್ಲಿ ಪಾರ್ಶ್ವವಾಯು ಶೇಕಡ 14ರಷ್ಟು ಇಳಿಯಿತು. ಆದರೆ ಇಲ್ಲೊಂದು ದೊಡ್ಡ ಎಚ್ಚರಿಕೆ. ಮೂತ್ರಪಿಂಡ ಕೆಟ್ಟವರಲ್ಲಿ ಪೊಟ್ಯಾಸಿಯಂ ಹೊರಹೋಗದೆ ರಕ್ತದಲ್ಲಿ ಏರಿದರೆ ಗುಂಡಿಗೆ ಇದ್ದಕ್ಕಿದ್ದಂತೆ ನಿಲ್ಲಬಹುದು. ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲಿ, ಮೈಗೆ ತಂಪು ಎಂದು ಪ್ರೀತಿಯಿಂದ ಕೊಚ್ಚಿ ಕೊಡುವ ಎಳನೀರು ಅಂಥವರಿಗೆ ಹಿತವಲ್ಲ. ಹಾಸನ, ಅರಕಲಗೂಡಿನ ಆಲೂಗೆಡ್ಡೆಯೂ ಅಷ್ಟೆ. ತಿನ್ನಲೇಬೇಕೆಂದರೆ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಬೇಕು. ಎಷ್ಟು ತಿನ್ನಬಹುದೆಂದು ವೈದ್ಯರನ್ನೇ ಕೇಳಬೇಕು. ಕಡಿಮೆ ಸೋಡಿಯಂ ಉಪ್ಪೂ ಅವರಿಗೆ ಸಲ್ಲದು. ಮೇಲೆ ಹೇಳಿದ ಬಿ.ಪಿ. ಮಾತ್ರೆಗಳೂ ಪೊಟ್ಯಾಸಿಯಂ ಏರಿಸಬಲ್ಲವಾದ್ದರಿಂದ, ಅವುಗಳನ್ನು ನುಂಗುವವರು ಈ ಉಪ್ಪಿಗೆ ಬದಲಾಯಿಸುವ ಮುನ್ನ ವೈದ್ಯರಿಗೆ ಹೇಳಬೇಕು.

ಇನ್ನೊಂದು ಕಳ್ಳದಾರಿ ನೋವಿನ ಮಾತ್ರೆ. ಶುಂಠಿ ಕಿತ್ತು, ಮೂಟೆ ಹೊತ್ತು ಮೈಕೈ ನೋವೆಂದು ಅಂಗಡಿಯಿಂದ ಡೈಕ್ಲೋಫಿನಾಕ್, ಐಬುಪ್ರೊಫೆನ್ ತಂದು ದಿನವೂ ನುಂಗುವವರಿದ್ದಾರೆ. ಈ ಮಾತ್ರೆಗಳು ಮೂತ್ರಪಿಂಡಕ್ಕೆ ಬರುವ ರಕ್ತವನ್ನು ತಗ್ಗಿಸುತ್ತವೆ, ಉಪ್ಪನ್ನು ಹಿಡಿದಿಡುತ್ತವೆ, ಬಿ.ಪಿ. ಏರಿಸುತ್ತವೆ. ಗೋಲ್ಡ್‌ಬ್ಲಾಟ್ ನಾಯಿಗೆ ಹಾಕಿದ ಚಿಮುಟದ ತಮ್ಮ ಎನ್ನಬಹುದು.

ಏನು ಕೇಳಬೇಕು?

ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ಬಿ.ಪಿ. ನೋಡಿಸಿ. 140/90 ಅಥವಾ ಅದಕ್ಕೂ ಮೇಲೆ ಎರಡು ಮೂರು ಸಲ ಬಂದರೆ, ಅಥವಾ ಸಕ್ಕರೆ ಕಾಯಿಲೆಯಿದ್ದರೆ, ಎರಡು ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ: ಮೂತ್ರದಲ್ಲಿ ಆಲ್ಬುಮಿನ್ ಪ್ರೋಟೀನು ಹೋಗುತ್ತಿದೆಯೆ ಎಂಬುದು ಒಂದು, ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂಬುದು ಇನ್ನೊಂದು. ಎರಡಕ್ಕೂ ಹೆಚ್ಚು ಖರ್ಚಿಲ್ಲ. ಮೂತ್ರಪಿಂಡ ದಣಿಯಲು ಶುರುವಾದಾಗಲೇ ಸುಳಿವು ಕೊಡುವ ಪರೀಕ್ಷೆಗಳು ಇವು. ಬಿ.ಪಿ. ಹತೋಟಿಗೆ ಬಂತೆಂದು ಮಾತ್ರೆ ಬಿಡಬೇಡಿ. ಹತೋಟಿಗೆ ಬಂದಿರುವುದು ಮಾತ್ರೆಯಿಂದಲೇ. ಹಾಗೆಯೇ ಉಪ್ಪನ್ನು ಪೂರ್ತಿ ತೊರೆಯುವ ಹಠವೂ ಬೇಡ. ವಾಂತಿ ಭೇದಿಯಾದಾಗ ಉಪ್ಪು ಸಕ್ಕರೆಯ ನೀರು ಜೀವ ಉಳಿಸುತ್ತದೆ. ಆ ದಿನಗಳಲ್ಲಿ ಬಿ.ಪಿ. ಮಾತ್ರೆ ಮುಂದುವರಿಸಬೇಕೆ ಎಂದು ವೈದ್ಯರನ್ನು ಕೇಳಿ.

ಮುಂದೊಂದು ದಿನ ಗುಂಡಿಗೆಯ ಭಯದಿಂದ ಆಸ್ಪತ್ರೆಯ ಸಾಲಿನಲ್ಲಿ ನಿಂತಾಗ ಇ.ಸಿ.ಜಿ. ಖಂಡಿತ ಮಾಡಿಸಿ. ಜೊತೆಗೆ ಮೂತ್ರ ಪರೀಕ್ಷೆಗೆಂದು ಒಂದು ಪುಟ್ಟ ಬಾಟಲಿಯನ್ನೂ ಕೇಳಿ ಪಡೆಯಿರಿ.