ಡಾಲ್ಫಿನ್ನಿಗೆ ಹೊಸ ಉಡುಗೆ

ಮೊರಬದ ಭಕ್ತರ ಮನೆತನವೊಂದರಿಂದ ನಮಗೆ ವಿಚಿತ್ರವಾದ ಪ್ರಶ್ನೆಯೊಂದು ಬಂದಿದೆ. ಅವರ ಚಿರಂಜೀವಿಯು 1984ರಲ್ಲಿ ನೋಂದಣಿಯಾದ ಡಾಲ್ಫಿನ್ ಕಾರೊಂದನ್ನು ಕೊಂಡು ತಂದಿದ್ದಾನೆ. ಅದರ ಮೂತಿಯನ್ನು ಕೊಯ್ದು, ಗಾಲಿಯ ಮೇಲಿನ ಕಮಾನುಗಳನ್ನು ಉಬ್ಬಿಸಿ, ಪಂದ್ಯದ ಕಾರಿನ ರೂಪ ಕೊಡಬೇಕೆಂಬುದು ಅವನ ಹಂಬಲ. ಗುಜರಿಗೆ ಹೋಗತಕ್ಕ ವಸ್ತುವಿಗೆ ಹೊಲದ ಹಣ ಸುರಿಯುವುದು ಯಾವ ಕಾಯಕವೆಂದು ತಂದೆಯವರು ಕೇಳುತ್ತಾರೆ. ಇಬ್ಬರ ನಡುವೆ ಮಾತು ನಿಂತು ತಿಂಗಳಾಯಿತಂತೆ.

ಮೊದಲು ಆ ಕಾರಿಗೆ ನ್ಯಾಯ ಸಲ್ಲಲಿ. ಮುಂದೆ ಸಿಪಾನಿ ಆಟೋಮೊಬೈಲ್ಸ್ ಎಂದು ಹೆಸರಾದ ಬೆಂಗಳೂರಿನ ಸಂಸ್ಥೆಯು 1982ರಲ್ಲಿ ಇದನ್ನು ಹೊರತಂದಿತು. ಮೂಲವು ಇಂಗ್ಲೆಂಡಿನ ರಿಲಯಂಟ್ ಕಿಟನ್. 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಫೈಬರಿನ ಮೈ, ಎರಡೇ ಬಾಗಿಲು. ಅಂಬಾಸಡರಿಗೆ ಒಗ್ಗಿದ್ದ ನಮ್ಮ ಕುಟುಂಬಗಳಿಗೆ ಇದು ಹಿಡಿಸಲಿಲ್ಲ. ಮನೆಯ ಹಿರಿಯರು ಮುಂದಿನ ಸೀಟು ಮಡಚಿ ಹಿಂದಕ್ಕೆ ನುಸುಳಬೇಕೆಂದರೆ ಯಾರು ಒಪ್ಪಿಯಾರು? 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲಂತೂ ಇದನ್ನು ಕೇಳುವವರು ವಿರಳರಾದರು. ಅದರ ಹಗುರತನದ ಬೆಲೆಯನ್ನು ಅರಿತವರು ರ‍್ಯಾಲಿ ಓಡಿಸುವವರು. ಆದುದರಿಂದ ಹುಡುಗನ ಕಣ್ಣು ತಪ್ಪಿಲ್ಲವೆಂದೇ ನಾವು ಭಾವಿಸುತ್ತೇವೆ.

ಕೈಯ ವಿಷಯ ಬೇರೆ. ವಾಹನದ ಮೂಲರಚನೆಯನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಇನ್ನೊಂದು ಸಂಗತಿಯು ಅವನಿಗೆ ತಿಳಿದಂತಿಲ್ಲ. 2021ರ ಜುಲೈಯಲ್ಲಿ ಪ್ರಕಟವಾದ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಿಂದ ಐವತ್ತು ವರ್ಷ ಮೀರಿದ ವಾಹನಕ್ಕೆ ವಿಂಟೇಜ್ ಮಾನ್ಯತೆ ದೊರೆಯಬಲ್ಲುದು. ಆದರೆ ಚಾಸಿ, ಮೈಕಟ್ಟು, ಎಂಜಿನ್ ಇವು ಮೂಲದಂತೆಯೇ ಇರಬೇಕು. ಈ ಕಾರಿಗೆ 2034ರಲ್ಲಿ ಐವತ್ತು ತುಂಬುತ್ತದೆ. ಇಂದು ಗರಗಸ ಹಚ್ಚಿದರೆ ಅಂದು ಆ ಬಾಗಿಲು ಮುಚ್ಚಿತೆಂದೇ ಅರ್ಥ.

ನಮ್ಮ ಎರೆಸೀಮೆಯಲ್ಲಿ ವಾಹನವನ್ನು ಸಿಂಗರಿಸುವುದು ಹೊಸತೇನಲ್ಲ. ಜಾತ್ರೆಗೆ ಹೊರಟ ಚಕ್ಕಡಿಗೆ ಕೊಲ್ಲಾರಿ ಕಟ್ಟುತ್ತಿದ್ದರು. ಎತ್ತುಗಳಿಗೆ ಕೋಡಣಸು, ಜೂಲು, ಗೆಜ್ಜೆಸರ. ಜಾತ್ರೆ ಮುಗಿದೊಡನೆ ಎಲ್ಲವನ್ನೂ ಬಿಚ್ಚಿಡುತ್ತಿದ್ದರು. ಅಚ್ಚನ್ನಾಗಲಿ ಗಾಲಿಯನ್ನಾಗಲಿ ಯಾರೂ ಚಂದಕ್ಕೆಂದು ಕೆತ್ತಲಿಲ್ಲ. ಚಿರಂಜೀವಿಯೂ ಹಾಗೆಯೇ ಮಾಡಲಿ: ಸೀಟಿಗೆ ಹೊಸ ಹೊದಿಕೆ, ಬಾಗಿಲಿನುದ್ದಕ್ಕೂ ಒಂದು ಪಟ್ಟಿ, ತೊಳೆದು ತಿಕ್ಕಿದ ಮೂಲದ ದೀಪಗಳು. ಬಣ್ಣ ಬದಲಿಸುವುದಾದರೆ ಆರ್.ಟಿ.ಓ. ಕಚೇರಿಯಲ್ಲಿ ದಾಖಲಿಸಬೇಕು. ಸೀಳು ಬಿಟ್ಟ ಫೈಬರಿಗೆ ಗಾಜಿನ ನಾರಿನ ಹಾಸು ಮತ್ತು ರೆಜಿನ್ ಬಲ್ಲ ಕೆಲಸಗಾರನೇ ಬೇಕು. ತಗಡು ಬಡಿಯುವ ಸುತ್ತಿಗೆಯ ಪೆಟ್ಟು ಬಿದ್ದರೆ ಅದು ಇನ್ನಷ್ಟು ಒಡೆಯುವುದು.

ತಂದೆಯವರಲ್ಲಿ ನಮ್ಮದೊಂದು ಅರಿಕೆ. ಬಾಚಿಕಾಯಕದ ಬಸವಯ್ಯನವರನ್ನು ಶರಣರ ಸಾಲಿನಲ್ಲಿ ನೆನೆಯುವ ನಾವು, ಕೈಗೆ ಎಣ್ಣೆ ಮೆತ್ತಿಕೊಂಡು ದುಡಿಯುವ ಮಗನನ್ನು ಸೋಮಾರಿಯೆನ್ನಲಾಗದು. ಆದರೆ ಹಿಂಗಾರಿಯ ಕಡಲೆಗೆ, ಬಿಳಿಜೋಳಕ್ಕೆ ತೆಗೆದಿರಿಸಿದ ಹಣವನ್ನು ಮುಟ್ಟಕೂಡದೆಂಬ ತಮ್ಮ ಮಾತು ನಮಗೂ ಸಮ್ಮತ. ಅವನು ತನ್ನ ಗಳಿಕೆಯಿಂದಲೇ ಮಾಡಲಿ.

ಫೈಬರಿನ ಮೈಗೆ ತುಕ್ಕಿಲ್ಲ, ಅದರ ಕೆಳಗಿನ ಉಕ್ಕಿನ ಚಾಸಿಗೆ ಉಂಟು. ಬಣ್ಣದ ಡಬ್ಬಿ ತೆರೆಯುವ ಮೊದಲು ತಂದೆ ಮಗ ಇಬ್ಬರೂ ಕೂಡಿ ಕಾರನ್ನೆತ್ತಿಸಿ, ಚಾಸಿಯನ್ನು ಉದ್ದಕ್ಕೂ ತಟ್ಟಿ ನೋಡಲಿ. ಅಲ್ಲಿ ತಿಂದುಹೋದ ತೂತುಗಳು ಕಂಡರೆ, ಗುಜರಿಯೆಂದ ಹಿರಿಯರ ಮಾತನ್ನು ಮಗನು ಒಪ್ಪಬೇಕಾದೀತು.