ನಂಜನಗೂಡಿನ ತಕ್ಕಡಿ: ಉಪಚುನಾವಣೆ ಬೇರೆ, ಮಹಾಚುನಾವಣೆ ಬೇರೆ

ಕಪಿಲೆಯ ದಂಡೆಯಲ್ಲಿ ಚುನಾವಣೆ ಮಾತು ಎದ್ದರೆ 2017ರ ಏಪ್ರಿಲ್ ನೆನಪಿಗೆ ಬರದೆ ಇರೋದಿಲ್ಲ. ನಂಜನಗೂಡು ವಿಧಾನಸಭಾ ಕ್ಷೇತ್ರದ ಉಪಚುನಾವಣೆ ಅದು. ಒಬ್ಬ ಹಿರಿಯ ನಾಯಕ ರಾಜೀನಾಮೆ ಬಿಸಾಕಿ, ತನ್ನ ಮಾನವನ್ನೇ ಪಣಕ್ಕಿಟ್ಟು ಮತದಾರನ ಮುಂದೆ ನಿಂತ ಚುನಾವಣೆ. ಮತದಾರ ಕೊಟ್ಟ ಉತ್ತರದ ಅರ್ಥವೇನು ಅನ್ನೋ ಚರ್ಚೆ ಇನ್ನೂ ಮುಗಿದಿಲ್ಲ.

ನಡೆದದ್ದು ಇಷ್ಟು. ಕಂದಾಯ ಮಂತ್ರಿಯಾಗಿದ್ದ ವಿ.ಶ್ರೀನಿವಾಸಪ್ರಸಾದ್ ಅವರನ್ನು 2016ರ ಜೂನ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಸಂಪುಟದಿಂದ ಕೈಬಿಟ್ಟರು. ಪ್ರಸಾದ್ ಸಾಮಾನ್ಯ ಆಸಾಮಿ ಅಲ್ಲ. ಚಾಮರಾಜನಗರದಿಂದ ಅಷ್ಟು ಹೊತ್ತಿಗೇ ಐದು ಸಲ ಲೋಕಸಭೆಗೆ ಹೋಗಿದ್ದವರು, ವಾಜಪೇಯಿ ಸರ್ಕಾರದಲ್ಲಿ ರಾಜ್ಯಮಂತ್ರಿ ಆಗಿದ್ದವರು, ಹಳೇ ಮೈಸೂರಿನ ದಲಿತ ರಾಜಕಾರಣದ ದೊಡ್ಡ ಹೆಸರು. ಅಕ್ಟೋಬರ್‌ನಲ್ಲಿ ಶಾಸಕ ಸ್ಥಾನ ಬಿಟ್ಟರು. ಬಿಜೆಪಿ ಸೇರಿ ಅದೇ ಕ್ಷೇತ್ರದಲ್ಲಿ ಮತ್ತೆ ನಿಂತರು. ಸ್ವಾಭಿಮಾನದ ಪ್ರಶ್ನೆ ಅಂತ ಊರೂರಲ್ಲೂ ಹೇಳಿದರು.

ಕಾಂಗ್ರೆಸ್ಸಿಗೆ ಅಭ್ಯರ್ಥಿಯೇ ಇರಲಿಲ್ಲ. 2008 ಮತ್ತು 2013ರಲ್ಲಿ ಪ್ರಸಾದ್ ಎದುರೇ ಸೋತಿದ್ದ ಜೆಡಿಎಸ್‌ನ ಕಳಲೆ ಕೇಶವಮೂರ್ತಿ ಅವರನ್ನು ಕರೆತಂದು ಟಿಕೆಟ್ ಕೊಟ್ಟರು. ಜೆಡಿಎಸ್ ಕಣಕ್ಕೆ ಇಳಿಯಲೇ ಇಲ್ಲ. ಒಂದು ಕಡೆ ಮಂತ್ರಿಗಳ ದಂಡು, ಇನ್ನೊಂದು ಕಡೆ ಯಡಿಯೂರಪ್ಪನವರ ಠಿಕಾಣಿ. ಏಪ್ರಿಲ್ 13ರಂದು ಎಣಿಕೆ ಆದಾಗ ಕೇಶವಮೂರ್ತಿಗೆ 86,212 ಮತ, ಪ್ರಸಾದ್‌ಗೆ 64,878. ಅಂತರ 21,334. ಅದೇ ದಿನ ಪಕ್ಕದ ಗುಂಡ್ಲುಪೇಟೆಯೂ ಕಾಂಗ್ರೆಸ್ ಪಾಲಾಯಿತು. ಪ್ರಸಾದ್ ಕಥೆ ಮುಗಿಯಿತು, 2018ಕ್ಕೆ ಇದೇ ದಿಕ್ಸೂಚಿ ಅಂತ ಪಟಾಕಿ ಹಚ್ಚಿದವರು ಹೇಳಿದರು.

ದಿಕ್ಸೂಚಿ ಕೆಟ್ಟಿತ್ತು

ಹದಿಮೂರು ತಿಂಗಳು ಕಳೆಯಿತು, ಅಷ್ಟೆ. 2018ರ ಮೇನಲ್ಲಿ ಅದೇ ನಂಜನಗೂಡು ಪ್ರಸಾದ್ ಅವರ ಅಳಿಯ, ಬಿಜೆಪಿಯ ಬಿ.ಹರ್ಷವರ್ಧನ್ ಅವರನ್ನು ಗೆಲ್ಲಿಸಿತು. ಸೋತವರು ಅದೇ ಕೇಶವಮೂರ್ತಿ. ಊರು ಅದೇ, ಬೂತು ಅದೇ, ಜನ ಅವರೇ. ಹಾಗಾದರೆ ಮತದಾರ ಚಂಚಲನೇ? ಅಲ್ಲ. ಕೇಳಿದ ಪ್ರಶ್ನೆ ಬೇರೆ ಆಗಿತ್ತು.

ಉಪಚುನಾವಣೆಯಲ್ಲಿ ಸರ್ಕಾರ ಬದಲಾಗೋದಿಲ್ಲ ಅನ್ನೋದು ಅಂಗಡಿ ಗಲ್ಲಾದ ಮೇಲೆ ಕೂತವನಿಗೂ ಗೊತ್ತು, ಗದ್ದೆಗೆ ನೀರು ಕಟ್ಟುವವನಿಗೂ ಗೊತ್ತು. 2017ರಲ್ಲಿ ವಿಧಾನಸೌಧದ ಬೀಗದ ಕೈ ಇನ್ನೂ ಒಂದು ವರ್ಷ ಸಿದ್ದರಾಮಯ್ಯನವರ ಬಳಿಯೇ ಇರೋದಿತ್ತು. ಅವರ ವರುಣಾ ಕ್ಷೇತ್ರದ ಹಳ್ಳಿಗಳು ನಂಜನಗೂಡು, ಟಿ.ನರಸೀಪುರ ತಾಲ್ಲೂಕುಗಳಲ್ಲೇ ಹರಡಿವೆ. ಟಿ.ನರಸೀಪುರದ ಶಾಸಕ ಎಚ್.ಸಿ.ಮಹದೇವಪ್ಪ ಆಗ ಲೋಕೋಪಯೋಗಿ ಮಂತ್ರಿ, ಜಿಲ್ಲೆಗೂ ಅವರೇ ಉಸ್ತುವಾರಿ. ರಸ್ತೆ, ಸೇತುವೆ, ಕುಡಿಯುವ ನೀರು ಯಾವ ಬಾಗಿಲಿಂದ ಬರಬೇಕೋ ಆ ಬಾಗಿಲಿಗೆ ಜನ ಕೈ ಮುಗಿದರು. ಜೊತೆಗೆ ಜೆಡಿಎಸ್ ಮತಗಳು ಒಡೆಯಲಿಲ್ಲ.

ಪ್ರಸಾದ್ ಅವರನ್ನು ಜನ ಕೈಬಿಟ್ಟರು ಅನ್ನೋದೂ ಪೂರ್ತಿ ನಿಜವಲ್ಲ. 2013ರಲ್ಲಿ ಗೆದ್ದಾಗ ಅವರಿಗೆ ಬಿದ್ದದ್ದು ಐವತ್ತು ಸಾವಿರದ ಆಸುಪಾಸು. ಸೋತಾಗ ಬಿದ್ದದ್ದು ಅದಕ್ಕಿಂತ ಜಾಸ್ತಿ!

ಕೆಲಸ ಮಾಡಿದರೆ ಮತ ಖಚಿತ ಅನ್ನುವವರು ಟಿ.ನರಸೀಪುರದ ಲೆಕ್ಕವನ್ನೂ ನೋಡಬೇಕು. ಲೋಕೋಪಯೋಗಿ ಖಾತೆಯನ್ನೇ ಕೈಯಲ್ಲಿಟ್ಟುಕೊಂಡಿದ್ದ ಮಹದೇವಪ್ಪ 2018ರಲ್ಲಿ ಜೆಡಿಎಸ್‌ನ ಎಂ.ಅಶ್ವಿನ್‌ಕುಮಾರ್ ಎದುರು 28 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಖುದ್ದು ಮುಖ್ಯಮಂತ್ರಿಯೇ ಚಾಮುಂಡೇಶ್ವರಿಯಲ್ಲಿ ಮಣ್ಣು ಮುಕ್ಕಿದರು. ಉಪಚುನಾವಣೆಯಲ್ಲಿ ಜನ ಚೌಕಾಶಿ ಮಾಡ್ತಾರೆ, ಮಹಾಚುನಾವಣೆಯಲ್ಲಿ ಲೆಕ್ಕ ಚುಕ್ತಾ ಮಾಡ್ತಾರೆ.

ಪಾರ್ಲಿಮೆಂಟಿನಲ್ಲೂ ಇದೇ ಪಾಠ

ಲೋಕಸಭೆ ಉಪಚುನಾವಣೆಗಳೂ ಇದನ್ನೇ ಹೇಳುತ್ತವೆ. ಶ್ರೀರಾಮುಲು, ಸಿ.ಎಸ್.ಪುಟ್ಟರಾಜು, ಯಡಿಯೂರಪ್ಪ ವಿಧಾನಸಭೆಗೆ ಗೆದ್ದು ಸಂಸತ್ ಸ್ಥಾನ ಬಿಟ್ಟ ಮೇಲೆ, 2018ರ ನವೆಂಬರ್‌ನಲ್ಲಿ ಬಳ್ಳಾರಿ, ಮಂಡ್ಯ, ಶಿವಮೊಗ್ಗಗಳಲ್ಲಿ ಉಪಚುನಾವಣೆ ನಡೆಯಿತು. ಬಳ್ಳಾರಿಯಲ್ಲಿ ಕಾಂಗ್ರೆಸ್, ಮಂಡ್ಯದಲ್ಲಿ ಜೆಡಿಎಸ್ ಲಕ್ಷಗಟ್ಟಲೆ ಅಂತರದಲ್ಲಿ ಗೆದ್ದವು. ಆಗ ಆ ಎರಡೂ ಪಕ್ಷಗಳದ್ದೇ ಮೈತ್ರಿ ಸರ್ಕಾರ. ಆರು ತಿಂಗಳಲ್ಲಿ, 2019ರಲ್ಲಿ, ಬಳ್ಳಾರಿ ಬಿಜೆಪಿಗೆ, ಮಂಡ್ಯ ಪಕ್ಷೇತರೆ ಸುಮಲತಾ ಅವರಿಗೆ. ಶಿವಮೊಗ್ಗ ಮಾತ್ರ ಎರಡು ಸಲವೂ ಬಿಜೆಪಿ ಬಿಡಲಿಲ್ಲ.

ಅದೇ 2019ರಲ್ಲಿ ಪ್ರಸಾದ್ ಚಾಮರಾಜನಗರದಿಂದ ಮತ್ತೆ ನಿಂತರು. ನಂಜನಗೂಡು, ಟಿ.ನರಸೀಪುರ ಎರಡೂ ಆ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಆರ್.ಧ್ರುವನಾರಾಯಣ ಎದುರು ಗೆದ್ದದ್ದು ಬರೀ 1,817 ಮತಗಳಿಂದ. ಕಥೆ ಮುಗಿಯಿತು ಅಂದವರು ಬಾಯಿ ಮುಚ್ಚಿಕೊಂಡರು. ಆದರೆ ಆ ಗೆಲುವೂ ಶಾಶ್ವತ ಗುತ್ತಿಗೆ ಆಗಲಿಲ್ಲ. 2023ರಲ್ಲಿ ನಂಜನಗೂಡು ಧ್ರುವನಾರಾಯಣರ ಮಗ ದರ್ಶನ್ ಕೈಗೆ, 2024ರಲ್ಲಿ ಲೋಕಸಭೆ ಮಹದೇವಪ್ಪನವರ ಮಗ ಸುನಿಲ್ ಬೋಸ್ ಕೈಗೆ ಹೋಯಿತು. ಪ್ರಸಾದ್ 2024ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಬಾಕಿ ಉಳಿದ ಪ್ರಶ್ನೆ

ರಾಜೀನಾಮೆ ಕೊಡೋದು ನಾಯಕರ ಹಕ್ಕು. ಆದರೆ ಅದರ ಬಿಲ್ಲು ಯಾರ ಹೆಸರಿಗೆ? ಸ್ಥಾನ ಖಾಲಿಯಾದ ಆರು ತಿಂಗಳೊಳಗೆ ಚುನಾವಣೆ ಆಗಬೇಕು ಅನ್ನುತ್ತೆ ಕಾನೂನು. ನಂಜನಗೂಡಿನಲ್ಲಿ ಆ ಗಡುವು ಹೆಚ್ಚುಕಡಿಮೆ ಪೂರ್ತಿ ಖರ್ಚಾಯಿತು. ಬಗರ್‌ಹುಕುಂ ಅರ್ಜಿ ನೋಡುವ ಸಮಿತಿಗೆ ಶಾಸಕರೇ ಅಧ್ಯಕ್ಷರು, ಆಶ್ರಯ ನಿವೇಶನದ ಸಮಿತಿಗೂ ಅವರೇ. ಅರ್ಧ ವರ್ಷ ಆ ಕುರ್ಚಿಯಲ್ಲಿ ಕ್ಷೇತ್ರದ ಪ್ರತಿನಿಧಿ ಇರಲಿಲ್ಲ. ಕೊನೆಗೆ ನೀತಿಸಂಹಿತೆ ಬಂತು, ಹೊಸ ಕಾಮಗಾರಿ ಘೋಷಣೆಗೂ ತಡೆ ಬಿತ್ತು.

ಆದ್ದರಿಂದ ಮುಂದೆ ಎಲ್ಲೇ ಉಪಚುನಾವಣೆ ಬರಲಿ, ಯಾರ ಮಾನ ಉಳಿಯಿತು, ಯಾರ ಮಾನ ಹೋಯಿತು ಅಂತ ಲೀಡ್ ಎಣಿಸುತ್ತಾ ಕೂರೋದು ದಂಡ. ಆ ಲೆಕ್ಕ ವರ್ಷ ತುಂಬೋದರೊಳಗೆ ಮಗುಚಿಕೊಳ್ಳುತ್ತೆ. ಮಂತ್ರಿಗಳು ಬೀದಿ ಬೀದಿ ಸುತ್ತುವ ಆ ಒಂದು ತಿಂಗಳಲ್ಲಿ, ಅರ್ಧಕ್ಕೆ ನಿಂತ ಚರಂಡಿ, ಸಂಜೆ ಬಾರದ ಬಸ್ಸು, ಕಚೇರಿಯಲ್ಲಿ ಧೂಳು ತಿನ್ನುತ್ತಿರುವ ಅರ್ಜಿ ಯಾವಾಗ ಮುಗಿಯುತ್ತೆ ಅಂತ ತಾರೀಕು ಸಮೇತ ಕೇಳುವವನೇ ಬುದ್ಧಿವಂತ. ತಿಂಗಳು ಕಳೆದರೆ ಕೇಳಿಸಿಕೊಳ್ಳೋರು ಬೆಂಗಳೂರಿಗೆ ಹೋಗಿರ್ತಾರೆ.