ವರ್ಷವಿಡೀ ಇಲ್ಲವೇ ಬೇಡವೇ ಬೇಡ ಎಂಬ ಹಟವೇಕೆ?

ಬೀದರ್, ಕಲಬುರಗಿ, ರಾಯಚೂರು ಕಡೆಯವರು ಕ್ಯಾನ್ಸರ್ ಎಂದೊಡನೆ ಬೆಂಗಳೂರಿಗಿಂತ ಹತ್ತಿರದ ಹೈದರಾಬಾದಿಗೆ ಹೊರಡುವುದೇ ಹೆಚ್ಚು. ಸ್ತನ ಕ್ಯಾನ್ಸರ್ ಬಂದ ಐದಾರು ಮಹಿಳೆಯರಲ್ಲಿ ಒಬ್ಬರ ವರದಿಯಲ್ಲಿ 'ಹರ್-2 ಪಾಸಿಟಿವ್', ಅಂದರೆ ಕ್ಯಾನ್ಸರ್ ಕೋಶಗಳಲ್ಲಿ ಹರ್-2 ಎಂಬ ಪ್ರೋಟೀನ್ ಹೆಚ್ಚಿದೆ, ಎಂದಿರುತ್ತದೆ. ಕೀಮೋ ಜೊತೆಗೆ ಟ್ರಾಸ್ಟುಝುಮ್ಯಾಬ್ ಇಂಜೆಕ್ಷನ್, ಮೂರು ವಾರಕ್ಕೊಮ್ಮೆ, ಒಂದು ವರ್ಷ ಎನ್ನುತ್ತಾರೆ ವೈದ್ಯರು. ಖರ್ಚಿನ ಲೆಕ್ಕ ಕೇಳಿದ ಮನೆಯವರ ಮುಂದೆ ಉಳಿಯುವುದು ಎರಡೇ ದಾರಿ: ಹೊಲ ಅಡವಿಡುವುದು ಅಥವಾ ಔಷಧಿಯನ್ನೇ ಕೈಬಿಡುವುದು. ಮೂರನೆಯದೂ ಒಂದಿದೆ, ಆರು ತಿಂಗಳ ಚಿಕಿತ್ಸೆ. ಕೇಳುವ ತನಕ ಕಾಯದೆ ವೈದ್ಯರೇ ಅದನ್ನು ಹೇಳಬೇಕು.

ಔಷಧಿ ಬಿಡುವುದಂತೂ ತರವಲ್ಲ. ಅಮೆರಿಕದ ಎರಡು ದೊಡ್ಡ ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಬರೀ ಕೀಮೋ ಪಡೆದವರಲ್ಲಿ ಹತ್ತು ವರ್ಷಗಳ ಬಳಿಕ ಬದುಕಿದ್ದವರು ನೂರಕ್ಕೆ 75. ಈ ಇಂಜೆಕ್ಷನ್ನೂ ಪಡೆದವರಲ್ಲಿ 84. ಅವಧಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬ್ರಿಟನ್ನಿನ ಪರ್ಸೆಫೊನಿ ಅಧ್ಯಯನದಲ್ಲಿ. ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನಾಲ್ಕು ವರ್ಷ ರೋಗ ಮರುಕಳಿಸದೆ ಉಳಿದವರು ವರ್ಷದ ಗುಂಪಿನಲ್ಲಿ ಶೇ 89.8, ಆರು ತಿಂಗಳ ಗುಂಪಿನಲ್ಲಿ ಶೇ 89.4. ಹೃದಯದ ತೊಂದರೆಯಿಂದ ಚಿಕಿತ್ಸೆ ನಿಲ್ಲಿಸಬೇಕಾಗಿ ಬಂದವರು ಮೊದಲ ಗುಂಪಿನಲ್ಲಿ ಶೇ 8, ಎರಡನೆಯದರಲ್ಲಿ ಶೇ 3. ಮೂರು ತಿಂಗಳಿಗೊಮ್ಮೆ ಎಕೋ ಮಾಡಿಸಿ ಎನ್ನುವುದು ಸುಮ್ಮನೆ ಅಲ್ಲ.

ಬೆಲೆಯ ವಿಚಾರಕ್ಕೆ ಬಂದರೆ, 2014ರಲ್ಲಿ ಬೆಂಗಳೂರಿನ ಬಯೋಕಾನ್ ತಂದ ಟ್ರಾಸ್ಟುಝುಮ್ಯಾಬ್ ಬ್ರ್ಯಾಂಡ್ ಕ್ಯಾನ್‌ಮ್ಯಾಬ್‌ನ 440 ಮಿ.ಗ್ರಾಂ ವಯಲ್‌ಗೆ 57,500 ರೂಪಾಯಿ ಇತ್ತು. 2018ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕೂಡ ಕಣಕ್ಕಿಳಿಯಿತು. ಪೈಪೋಟಿಯ ಲಾಭ ರೋಗಿಗೆ ತಟ್ಟಬೇಕಿದ್ದರೆ ವಯಲ್ಲನ್ನು ಬಳಸುವ ಬಗೆಯೂ ಮುಖ್ಯ. 60 ಕೆ.ಜಿ. ತೂಕದವರಿಗೆ ಮೊದಲ ಡೋಸ್ 480 ಮಿ.ಗ್ರಾಂ, ಆಮೇಲಿನವು 360. ಹಾಗಾದರೆ ಎರಡನೆಯ ಡೋಸಿನಿಂದ 440ರ ವಯಲ್‌ನಲ್ಲಿ ಪ್ರತಿ ಸಲ 80 ಮಿ.ಗ್ರಾಂ ಉಳಿಯುತ್ತದೆ. ಅದರೊಂದಿಗೇ ಬರುವ ಸಂರಕ್ಷಕವಿರುವ ನೀರಿನಲ್ಲಿ ಕಲಸಿ ಫ್ರಿಜ್‌ನಲ್ಲಿಟ್ಟರೆ 28 ದಿನ ಬಳಸಬಹುದು, ಅಂದರೆ ಮುಂದಿನ ಡೋಸಿಗೂ ದಕ್ಕುತ್ತದೆ. ಚೆಲ್ಲಿದರೆ ಚೆಲ್ಲಿದ್ದು ರೋಗಿಯ ದುಡ್ಡು.

ಫ್ರಾನ್ಸಿನ 'ಫಾರ್' ಅಧ್ಯಯನಕ್ಕೆ ಆರು ತಿಂಗಳು ವರ್ಷಕ್ಕೆ ಸಮ ಎಂದು ಸಾಬೀತುಪಡಿಸಲು ಆಗಲಿಲ್ಲ ಎಂಬ ಆಕ್ಷೇಪ ನಿಜ. ಆದ್ದರಿಂದಲೇ ವರ್ಷದ ಚಿಕಿತ್ಸೆ ಇಂದಿಗೂ ಮೊದಲ ಆಯ್ಕೆ. ಕಂಕುಳಿನ ಗ್ರಂಥಿಗಳಿಗೆ ರೋಗ ಹರಡಿದವರು ಸಾಧ್ಯವಿದ್ದರೆ ಅದನ್ನೇ ಪೂರೈಸಬೇಕು. ಬಡವರಿಗೆ ಅರ್ಧ ಔಷಧಿಯೇ ಎಂಬ ಸಿಟ್ಟೂ ನ್ಯಾಯವಾದದ್ದೇ. ಆದರೆ ಆ ಸಿಟ್ಟು ತಾಗಬೇಕಾದದ್ದು ಸರ್ಕಾರಕ್ಕೆ. ತೆಲಂಗಾಣದ ಉಚಿತ ಚಿಕಿತ್ಸಾ ಯೋಜನೆ ಆರೋಗ್ಯಶ್ರೀಯ ಮಿತಿ 2023ರ ಡಿಸೆಂಬರಿನಲ್ಲಿ 10 ಲಕ್ಷ ರೂಪಾಯಿಗೆ ಏರಿತು, ಆದರೆ ಅದು ಆ ರಾಜ್ಯದವರಿಗೆ. ಗಡಿ ದಾಟಿ ಹೋದ ಬೀದರಿನವರಿಗೆ ಸಿಗದು. ಸರ್ಕಾರ ಪೂರ್ತಿ ವರ್ಷದ ಖರ್ಚು ಹೊರುವವರೆಗೆ ಆರು ತಿಂಗಳನ್ನು ಮುಚ್ಚಿಟ್ಟರೆ ಆ ಹೆಂಗಸಿಗೆ ಸಿಗುವುದು ವರ್ಷವಲ್ಲ, ಸೊನ್ನೆ. ಇಷ್ಟರ ಮೇಲೂ, ವರದಿಯಲ್ಲಿ ಹರ್-2 ಅಂಕ '2+', ಅಂದರೆ ಅನಿಶ್ಚಿತ, ಎಂದಿದ್ದರೆ ಅದನ್ನು ಖಚಿತಪಡಿಸುವ ಫಿಶ್ ಪರೀಕ್ಷೆ ಆಗುವ ತನಕ ಒಂದು ವಯಲ್ಲನ್ನೂ ಕೊಳ್ಳಬಾರದು.